ಯಜಮಾನಿಯ ಹಿಂಗಾಲು

"ಕೆಳಗೆ ಬಿಡಿ," ಅಂದರು ಪಶುವೈದ್ಯೆ.

ಕ್ಷೌರಿಕ ಎದೆಗವಚಿಕೊಂಡಿದ್ದ ಮುದಿ ನಾಯಿಯನ್ನು ನಿದ್ದೆ ಹೋದ ಮಗುವನ್ನು ಮಲಗಿಸುವ ಹಾಗೆ ನೆಲಕ್ಕಿಳಿಸಿದ. ನಾಯಿ ಮೂರು ಕಾಲ ಮೇಲೆ ನಿಂತಿತು. ಬಲ ಹಿಂಗಾಲನ್ನು ಹೊಟ್ಟೆಯತ್ತ ಮಡಚಿಕೊಂಡು ಅವನ ಮುಖವನ್ನೇ ನೋಡಿತು. ಡಾಕ್ಟರು ಬಿಸ್ಕತ್ತು ತೋರಿಸಿದರು, ಪುಸಲಾಯಿಸಿದರು, ಕೊನೆಗೆ ಆ ಕಾಲನ್ನು ಮೆಲ್ಲಗೆ ಹಿಡಿದು ನೆಲಕ್ಕೆ ತಾಗಿಸಿದರು. ಕೈಬಿಟ್ಟದ್ದೇ ತಡ, ಕಾಲು ಮತ್ತೆ ಮೇಲಕ್ಕೆ ಹೋಯಿತು.

"ಎಕ್ಸ್‌ರೇ ನೋಡಿದೆ, ಮೂಳೆ ಚೆನ್ನಾಗಿ ಕೂಡಿದೆ. ಒತ್ತಿ ನೋಡಿದ್ರೂ ನೋವಿಲ್ಲ. ಹೆದರಿಕೆ ಅಷ್ಟೇ," ಅಂದರು. "ಆದ್ರೆ ಹೀಗೇ ಬಿಟ್ರೆ ತೊಡೆ ಸೊರಗಿಹೋಗುತ್ತೆ. ವಯಸ್ಸಾದ ನಾಯಿ. ಭಾರವೆಲ್ಲ ಆ ಇನ್ನೊಂದು ಕಾಲ ಮೇಲೆ ಬಿದ್ದಿದೆ, ಅದೂ ಸೋತರೆ ಮತ್ತೆ ಎದ್ದೇಳೋದು ಕಷ್ಟ. ಮನೇಲಿ ನಡೀತಾಳಾ?"

"ನಾನೇ ಎತ್ತಿಕೊಂಡು ಓಡಾಡಿಸ್ತೀನಿ."

"ಅದನ್ನ ನಿಲ್ಲಿಸಿ."

ಅವನು ಹೂಂ ಅಂದ. ಆಸ್ಪತ್ರೆಯ ಬಾಗಿಲು ದಾಟುವ ಮೊದಲೇ ಮತ್ತೆ ಎತ್ತಿಕೊಂಡಿದ್ದ.

ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಹಿಂದೆ ಅವನೂ ಅಕ್ಕನೂ ಇರುವ ಮನೆ. ನಾಯಿ ಅಂಗಡಿಯ ಹೊಸ್ತಿಲಿಗೆ ಅಡ್ಡ ಮಲಗಿರುತ್ತಿತ್ತು. ಬಂದವರೆಲ್ಲ ಅದನ್ನು ದಾಟಿಕೊಂಡೇ ಒಳಗೆ ಬರಬೇಕಾದ್ದರಿಂದ ಗಿರಾಕಿಗಳು ಅದಕ್ಕೆ ಯಜಮಾನಿ ಅಂತಲೇ ಹೆಸರಿಟ್ಟಿದ್ದರು. ಒಂದು ಬೆಳಿಗ್ಗೆ ಒದ್ದೆ ಮೆಟ್ಟಿಲಲ್ಲಿ ಜಾರಿತು. ಕತ್ತರಿಯ ಸದ್ದಿನ ನಡುವೆಯೂ ಅವನಿಗೆ ಆ 'ಕಟಕ್' ಕೇಳಿಸಿತ್ತು. ಕಂಬಿ ಹಾಕಿ ಕಟ್ಟು ಕಟ್ಟಿದರು, ಕಟ್ಟು ಬಿಚ್ಚಿದ್ದೂ ಆಯಿತು. ಕಿವಿಯೊಳಗಿನ ಸದ್ದು ಮಾತ್ರ ಹೋಗಲಿಲ್ಲ. ಈಗ ಒಳಗಡೆ ನಾಯಿ ಮಗ್ಗುಲು ಬದಲಿಸಿದರೂ ಸಾಕು, ಬ್ಲೇಡು ಅಲ್ಲೇ ಇಟ್ಟು ಓಡುತ್ತಿದ್ದ. ಕುರ್ಚಿಯಲ್ಲಿದ್ದವನು ಅರ್ಧ ಮೀಸೆ ಹೊತ್ತು ಕನ್ನಡಿ ನೋಡುತ್ತ ಕೂರಬೇಕಿತ್ತು.

ಆಸ್ಪತ್ರೆಯಿಂದ ಬಂದವನು ನಾಯಿಯನ್ನು ಅದರ ಚಾಪೆಯ ಮೇಲೆ ಮಲಗಿಸಿದ. ಡಾಕ್ಟರು ಹೇಳಿದ್ದನ್ನು ಕೇಳಿ ಅಕ್ಕ ಹುರುಳಿಕಾಯಿ ಸೋಸುವುದನ್ನು ನಿಲ್ಲಿಸಿದಳು.

"ನೀನು ಹೀಗೆ ನೆಲ ಸೋಕಿಸದೆ ಇಟ್ಕೊಂಡ್ರೆ ಅದು ಕಾಲಿದೆ ಅನ್ನೋದನ್ನೇ ಮರೆಯುತ್ತೆ ಕಣೋ."

"ಆ ಸದ್ದು ನಿನಗೆ ಕೇಳಿಸಿಲ್ಲ ಅಕ್ಕ."

"ಕೇಳಿಸಿಲ್ಲ, ಒಪ್ಪಿದೆ. ಈಗ ಒಂದು ಕೆಲಸ ಮಾಡು. ಚಪ್ಪಲಿ ಮೆಟ್ಕೊಂಡು ಬೀದಿ ಕೊನೆವರೆಗೆ ಹೋಗಿ ಬಾ."

"ಇವಳು ಎದ್ದು ಬಿದ್ದುಬಿಟ್ರೆ?"

"ಬಿದ್ರೆ ಕೂಗ್ತೀನಿ. ನನ್ನ ಗಂಟಲು ಗೊತ್ತಲ್ಲ, ಬೀದಿಗೆಲ್ಲ ಕೇಳುತ್ತೆ. ಹೋಗು."

ಅವನು ಹೊರಟ. ಕಿವಿ ಮನೆಯಲ್ಲೇ ಉಳಿದಿತ್ತು. ಯಾರ ಮನೆಯಲ್ಲೋ ಪಾತ್ರೆ ಬಿತ್ತು. ಅವನು ನಿಂತು ಮನೆಯ ಕಡೆ ತಿರುಗಿ ನೋಡಿದ. ಪಂಕ್ಚರ್ ಅಂಗಡಿಯಲ್ಲಿ ಟೈರು ಬಡಿಯುತ್ತಿದ್ದರು. ಅದರ ನಡುವೆ ಅಕ್ಕ ಕೂಗಿದ್ದರೆ ಗೊತ್ತಾಗುವುದು ಹೇಗೆ? ಎದುರಿಗೆ ಬಂದ ಹಳೆಯ ಗಿರಾಕಿಯೊಬ್ಬ, "ಯಜಮಾನಿ ಹೇಗಿದ್ದಾಳಪ್ಪ?" ಅಂದ. "ಇದ್ದಾಳೆ," ಅಂದ, ಅದೂ ಸುಳ್ಳಾಗಿಬಿಟ್ಟರೆ ಅನ್ನಿಸಿ ಅಲ್ಲಿಂದಲೇ ಹಿಂದಿರುಗಿದ. ಬೀದಿಯ ಕೊನೆ ಇನ್ನೂ ದೂರವಿತ್ತು. ನಡೆಯುತ್ತಿದ್ದವನು ಓಡುತ್ತಿದ್ದಾನೆಂದು ತಿಳಿದದ್ದು ಉಸಿರು ಕಟ್ಟಿದಾಗಲೇ.

ಕಿಟಕಿಯ ಹತ್ತಿರ ಬಂದವನು ಅಲ್ಲೇ ನಿಂತ. ಒಳಗೆ ಅಕ್ಕ ನಾಯಿಗೆ ಬೆನ್ನು ಹಾಕಿ ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು, ಅದರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ನಾಯಿ ಎದ್ದಿತ್ತು. ನೀರಿನ ಬಟ್ಟಲಿನ ಕಡೆ ಹೋಗುತ್ತಿತ್ತು. ಬಲ ಹಿಂಗಾಲು ಒಮ್ಮೆ ಸೋಕಿತು, ಒಮ್ಮೆ ಊರಿತು, ಸ್ವಲ್ಪ ಓಲಿತು, ಮತ್ತೆ ಊರಿತು. ಅವನು ಕಿಟಕಿಯ ಸರಳು ಹಿಡಿದು ಇನ್ನಷ್ಟು ಹತ್ತಿರ ಬಗ್ಗಿದ.

ತಡೆಯಲಾರದೆ ಬಾಗಿಲು ತಳ್ಳಿ ಒಳಗೆ ಬಂದ. ನಾಯಿ ಅವನನ್ನು ಕಂಡು ಬಾಲ ಅಲ್ಲಾಡಿಸಿತು. ಬಲ ಹಿಂಗಾಲನ್ನು ಮೇಲೆತ್ತಿ ಮಡಚಿಕೊಂಡಿತು.

ಅವನು ಬಗ್ಗಿದ.

"ಮುಟ್ಟಬೇಡ," ಅಂದಳು ಅಕ್ಕ.

"ನನ್ನನ್ನ ನೋಡಿದ್ರೇ ನೋವಾಗುತ್ತಾ ಇವಳಿಗೆ?"

ಅಕ್ಕ ಅವನ ಕಡೆ ತಿರುಗಿದಳು. ಈ ಸಲ ದನಿ ಮೆತ್ತಗಿತ್ತು. "ನೋವಲ್ಲ ಕಣೋ. ನಿನ್ನ ಮುಖ ನೋಡಿದ್ರೆ ನನಗೇ ನನ್ನ ಕಾಲು ಮುರಿದಿದೆಯೇನೋ ಅನ್ನಿಸುತ್ತೆ. ಪಾಪ, ಅದಕ್ಕೆ ಹೇಗನ್ನಿಸ್ಬೇಡ?"

ಅವನು ಮೆಲ್ಲಗೆ ನೆಟ್ಟಗಾದ. ಮುಖವನ್ನು ಏನು ಮಾಡಿಕೊಳ್ಳಬೇಕೋ ತಿಳಿಯಲಿಲ್ಲ. ಗಲ್ಲದ ಬೆವರು ಒರೆಸಿಕೊಂಡು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಗೋಡೆಯ ಕಡೆ ನೋಡುತ್ತ ಏನೋ ಮಾತು ತೆಗೆದ. ಹೊರಗೆ ಬಿಸಿಲು ಜಾಸ್ತಿ ಅಂದ. ಪಂಕ್ಚರ್ ಅಂಗಡಿಯವನಿಗೆ ಕಿವಿಯ ಮೇಲೆ ಕೂದಲು ಬಂದಿದೆ, ಕರೆದರೆ ಬರುವುದಿಲ್ಲ ಅಂದ. ಮಾತು ನಿಲ್ಲಿಸಲಿಲ್ಲ. ನಾಯಿ ಒಮ್ಮೆ ಕುಂಯ್‌ಗುಟ್ಟಿತು. ಅವನು ಅತ್ತ ನೋಡಲಿಲ್ಲ. ಇನ್ನೊಮ್ಮೆ ಕುಂಯ್‌ಗುಟ್ಟಿ, ಕಾದು, ಬೇಸತ್ತ ಹಾಗೆ ನೀರಿನ ಬಟ್ಟಲಿನ ಕಡೆ ತಿರುಗಿತು.

ಹಿಂಗಾಲು ಗಾಳಿಯಲ್ಲೇ ನಡುಗುತ್ತ ಕೆಳಗಿಳಿಯತೊಡಗಿತು. ಅವನ ಬೆನ್ನ ಹಿಂದೆ ಒಂದು ಕೈ ಇನ್ನೊಂದು ಕೈಯ ಮಣಿಕಟ್ಟನ್ನು, ಬಿಟ್ಟರೆ ಎಲ್ಲಿ ಓಡಿಹೋಗುತ್ತದೋ ಅನ್ನುವ ಹಾಗೆ, ಬಿಗಿಯಾಗಿ ಹಿಡಿದಿತ್ತು.