ಮಾರಾಟಕ್ಕಿರುವ ಊರು

ತೂಕದಣ್ಣನಿಗೆ ಆ ಭಾಷೆಯ ಒಂದಕ್ಷರವೂ ಬರುತ್ತಿರಲಿಲ್ಲ. ಆದರೂ ಆ ಭಾಷೆಯಲ್ಲಿ ಅವನ ಹೆಸರಿಗೆ ಮೂವತ್ತಾರು ಊರುಗಳಿದ್ದವು.

ಊರೆಂದರೆ ಮಣ್ಣು, ಮನೆ ಅಲ್ಲ, ಅಂತರ್ಜಾಲದ ವಿಳಾಸ. ಸಮುದ್ರದಾಚೆಯ ಒಂದು ದೇಶದ ನಕ್ಷೆ ನೋಡಿ, ಊರುಗಳ ಹೆಸರನ್ನು ಅವರದೇ ಲಿಪಿಯಲ್ಲಿ ಎತ್ತಿ, ಡೊಮೇನ್ ಮಾಡಿ ಕೊಂಡಿಟ್ಟಿದ್ದ. ಯಾರು ಆ ಹೆಸರು ಒತ್ತಿದರೂ ಒಂದೇ ಬಿಳಿ ಪುಟ ತೆರೆಯುತ್ತಿತ್ತು: ‘ಈ ಹೆಸರು ಮಾರಾಟಕ್ಕಿದೆ.’ ಕೆಳಗೆ ಅವನ ಇ-ಮೇಲ್. ಇಂದಲ್ಲ ನಾಳೆ ಅಲ್ಲೆಲ್ಲ ಹೋಟೆಲುಗಳು ಏಳುತ್ತವೆ, ಹೆಸರು ಬೇಕಾದವರು ತನ್ನ ಬಾಗಿಲಿಗೇ ಬರಬೇಕು ಎಂಬುದು ಅವನ ಲೆಕ್ಕ. ಆ ದೇಶದ ಸುದ್ದಿ ಅವನಿಗೆ ಬೇಕಿರಲಿಲ್ಲ. ಹೆಸರು ಸಾಕಿತ್ತು.

ಏಳು ವರ್ಷ ಯಾರೂ ಬರಲಿಲ್ಲ.

ಅವನ ಕೆಲಸ ಲಾರಿ ತೂಗುವ ವೇಬ್ರಿಡ್ಜಿನಲ್ಲಿ. ಲೋಡಾದ ಗಾಡಿ ಹತ್ತುತ್ತದೆ, ಕೆಂಪು ಅಂಕಿ ಕುಣಿದು ನಿಲ್ಲುತ್ತದೆ, ಬರೆದುಕೊಳ್ಳುತ್ತಾನೆ. ಖಾಲಿ ಗಾಡಿ ಬರುತ್ತದೆ, ಮತ್ತೆ ಬರೆದುಕೊಳ್ಳುತ್ತಾನೆ. ಹತ್ತೊಂಬತ್ತು ವರ್ಷದ ಸಿಮೆಂಟು ಧೂಳು ಎದೆಯಲ್ಲಿ ಮನೆ ಮಾಡಿತ್ತು. ಮೆಟ್ಟಿಲು ಹತ್ತಿದರೆ ಅವನು ಮೇಲೆ, ಉಸಿರು ಕೆಳಗೆ. ಆ ವೇಬ್ರಿಡ್ಜಿನ ಗೂಡು ಬಿಡದಿದ್ದರೆ ಎದೆ ಉಳಿಯುವುದಿಲ್ಲ ಎಂದು ಡಾಕ್ಟರು ಎರಡು ಸಲ ಹೇಳಿದ್ದರು. ಒಂದು ಹೆಸರು ಮಾರಿದ ದಿನವೇ ಬಿಡುತ್ತೇನೆ ಎಂದು ಅವನು ಹೆಂಡತಿಗೆ ನೂರು ಸಲ ಹೇಳಿದ್ದ.

ಮೊದಲ ಪತ್ರ ಬಂದದ್ದು ನದಿ ದಂಡೆಯ ಒಂದು ಪುಟ್ಟ ಊರಿನ ಹೆಸರಿಗೆ. ಕೈಯಲ್ಲಿ ಬರೆದ ಹಾಳೆಯ ಫೋಟೊ. ಶಾಯಿ ಅಲ್ಲಲ್ಲಿ ಕದಡಿತ್ತು. ಫೋನಿನ ಅನುವಾದ ಆ ಕೈಬರಹದ ಮುಂದೆ ಸೋತು ಮೂರೇ ಪದ ಉಗುಳಿತು: ದಯವಿಟ್ಟು, ಹೆಸರು, ಬೇಗ.

ಮಿಕ್ಕದ್ದನ್ನು ಅವನೇ ಓದಿಕೊಂಡ. ಅಂಕಿಗೆ ಯಾವ ಭಾಷೆ? ಹಾಳೆಯ ತಳದಲ್ಲಿ ಎರಡು ಗೆರೆ ಎಳೆದು 17 ಎಂದು ಬರೆದಿತ್ತು. ಹದಿನೇಳು ಸಾವಿರ. ಅದರ ಮೇಲೆ ಸಾಲು ಸಾಲಾಗಿ ಒಂದೆರಡು ಪದ, ಪಕ್ಕದಲ್ಲಿ ಸಣ್ಣ ಅಂಕಿ. 4, 7, 2, 11. ಒಂದೂ ಹನ್ನೆರಡು ದಾಟಿರಲಿಲ್ಲ. ತಿಂಗಳುಗಳು. ಕಂತಿನಲ್ಲಿ ಕೊಡುತ್ತಾರೆ.

‘ಒಪ್ಕೊಂಡ್ಬಿಡಿ,’ ಎಂದಳು ಹೆಂಡತಿ.

‘ಬಾಯಿ ಬಿಟ್ಟರೆ ಬಣ್ಣಗೇಡು. ಈ ವ್ಯಾಪಾರದಲ್ಲಿ ಮೊದಲು ಮಾತಾಡಿದವನು ಸೋತ.’

‘ಹಡಗಿನ ಮಾಮಂಗಾದ್ರೂ ತೋರಿಸಿ. ಅವರಿಗೆ ಆ ಭಾಷೆ ಬರುತ್ತಲ್ಲ.’

ಹಡಗಿನ ಮಾಮ ಜಲ್ಲಿ ಲಾರಿ ಓಡಿಸುವವನು. ಹಿಂದೆ ಹನ್ನೆರಡು ವರ್ಷ ಆ ದೇಶದ ಹಡಗುಗಳಲ್ಲಿ ದುಡಿದಿದ್ದ.

‘ಓದಿದವನು ಪಾಲು ಕೇಳ್ತಾನೆ,’ ಎಂದು ತೂಕದಣ್ಣ ಫೋನು ಮಗುಚಿಟ್ಟ.

ನಾಲ್ಕು ದಿನ ಬಿಟ್ಟು 31 ಬಂತು. ವಾರ ಕಳೆದು 44. ಅದೇ ಕೈಬರಹ, ಮೊದಲಿಗಿಂತ ಅವಸರದ್ದು. ಪಟ್ಟಿ ಬೆಳೆಯುತ್ತಾ ಹೋಗಿತ್ತು. ವಾರಕ್ಕೆ ಮೂವರೂ ಇಣುಕದ ಪುಟವನ್ನು ಈಗ ದಿನಕ್ಕೆ ನಾಲ್ಕು ಸಾವಿರ ಜನ ತೆರೆಯುತ್ತಿದ್ದರು. ಅವನು ಹೆಂಡತಿಗೆ ಆ ಲೆಕ್ಕ ತೋರಿಸಿದ.

‘ಏನೋ ಕಳ್ಕೊಂಡವರ ಥರ ದಿನಾ ಬಂದು ನೋಡ್ತಾರಲ್ರೀ.’

‘ಅದಕ್ಕೆ ಬೇಡಿಕೆ ಅಂತಾರೆ ಕಣೇ. ನಮ್ಮನೆ ಕೆಳಗಿನ ಅಂಗಡಿ ಖಾಲಿಯಿದೆಯಂತೆ. ಪುಸ್ತಕ, ಪೆನ್ನು ಇಟ್ಕೊಂಡು ಕೂತರೆ ಧೂಳಿಲ್ಲ, ಏನಿಲ್ಲ.’

‘ಕೂಸು ಹುಟ್ಟೋ ಮುಂಚೆ ಕುಲಾವಿ,’ ಎಂದಳು. ಆದರೂ ಸಂಜೆ ಹೋಗಿ ಆ ಅಂಗಡಿಯ ಬಾಗಿಲಿನ ಸಂದಿಯಿಂದ ಒಳಗೆ ನೋಡಿ ಬಂದಳು.

ನಾಲ್ಕನೆಯ ಪತ್ರದಲ್ಲಿ 58. ಎರಡು ದಿನಕ್ಕೆ ಐದನೆಯದು. ಅದರಲ್ಲಿ ಪಟ್ಟಿಯೇ ಇಲ್ಲ. ಮೂರು ಸಾಲು, ಕೊನೆಗೆ ಮತ್ತೆ ಅದೇ 58. ತೂಕದಣ್ಣನಿಗೆ ಅರ್ಥವಾಯಿತು. ಇದು ಕೊನೆಯ ಮಾತು. ಕೊಳ್ಳುವವನೂ ಸುಸ್ತಾಗಿದ್ದಾನೆ. ತನಗೂ ಸಾಕಾಗಿತ್ತು.

ಮರುದಿನ ಹಡಗಿನ ಮಾಮನ ಲಾರಿ ವೇಬ್ರಿಡ್ಜಿಗೆ ಹತ್ತಿತು. ತೂಕದಣ್ಣ ಮುದ್ರಿಸಿಟ್ಟಿದ್ದ ಹಾಳೆಗಳನ್ನು ಕಿಟಕಿಯಿಂದ ಚಾಚಿದ.

‘ಮಾಮ, ಇವರಿಗೆ “ಒಪ್ಪಿದೆ” ಅಂತ ಅವರ ಭಾಷೇಲಿ ಒಂದು ಸಾಲು ಬರ್ಕೊಡಿ. ಟೀ ಕೊಡಿಸ್ತೀನಿ.’

‘ನಿನ್ನ ಟೀಗೆ ಕಾದು ಕಾದು ನನ್ನ ಹಲ್ಲೆಲ್ಲ ಉದುರಿದ್ವು ಮಾರಾಯ. ಕೊಡು ಇಲ್ಲಿ.’

ಮಾಮ ಕನ್ನಡಕ ಏರಿಸಿ ಕೊನೆಯದನ್ನು ಓದಿದ. ಆಮೇಲೆ ಮೊದಲನೆಯದನ್ನು. ಹಿಂದಿನ ಲಾರಿಯವನು ಹಾರ್ನು ಒತ್ತಿದ. ಮಾಮ ತಿರುಗಿಯೂ ನೋಡಲಿಲ್ಲ.

‘ಇದು ಬರೋಕೆ ಶುರುವಾಗಿ ಎಷ್ಟು ದಿನ ಆಯ್ತು?’

‘ಮೂರು ವಾರ. ಯಾಕೆ, ಮೋಸಾನಾ?’

‘ಉತ್ತರ ಬರೆದಿಲ್ವಾ?’

‘ಕಾಯ್ತಿದ್ದೆ.’

‘ಅವಳೂ ಕಾಯ್ತಿದ್ಲಂತೆ,’ ಎಂದ ಮಾಮ. ‘ಆ ಊರಿನ ಶಾಲೆ ಟೀಚರು. ನೆರೆ ಬಂದು ಊರೇ ಹೋಯ್ತಂತೆ. ಬದುಕಿದವರು ದಿಕ್ಕಾಪಾಲಾಗಿ, ಎಲ್ಲೆಲ್ಲಿಂದಲೋ ಊರಿನ ಹೆಸರು ಒತ್ತಿ ತಮ್ಮವರನ್ನ ಹುಡುಕ್ತಿದಾರೆ, ಸಿಗೋದು ನಿಮ್ಮ ಪುಟ ಅಂತ ಬರೆದಿದಾಳೆ. ಒಂಟಿಯಾಗಿ ಸಿಕ್ಕ ಮಕ್ಕಳ ಹೆಸರು, ವಯಸ್ಸು ಕಳಿಸ್ತಿದೀನಿ, ದಯವಿಟ್ಟು ಬೇಗ ಅಲ್ಲಿ ಹಾಕಿ ಅಂತ. ಕೊನೇದರಲ್ಲಿ, ಇನ್ನು ಬೇಡ ಅಂದಿದಾಳೆ. ಕೇಳ್ಕೊಂಡು ಯಾರೂ ಬರಲಿಲ್ಲ ಅಂತ ಅಷ್ಟೂ ಮಕ್ಕಳನ್ನ ಊರೂರಿನ ಅನಾಥಾಲಯಗಳಿಗೆ ಹಂಚಿ ಕಳಿಸಿಬಿಟ್ರಂತೆ.’

ತೂಕದಣ್ಣ ನಾಲ್ಕನೆಯ ಪತ್ರವನ್ನು ಎಳೆದುಕೊಂಡು, ಮೊದಲ ಸಲ, ಅದರ ಸಾಲುಗಳನ್ನು ಎಣಿಸಿದ. ಐವತ್ತೆಂಟು ಇದ್ದವು.