ಮಬ್ರೂಕಾಳ ದೃಷ್ಟಿಮೀನು

ಸ್ಫಾಕ್ಸ್ ಊರಿನ ತನ್ನ ಮನೆಯಂಗಳದಲ್ಲಿ ತೌಫೀಕ್ ಕಾರಿನ ಬಾನೆಟ್ ಎತ್ತಿದ್ದೇ ತಡ, ಬುಸ್ಸೆಂದು ಆವಿ ಎದ್ದು ಅವನ ಕನ್ನಡಕವೆಲ್ಲ ಮಂಜಾಯಿತು. ಬೀದಿ ಸುತ್ತಿ ಬರುವಷ್ಟರಲ್ಲಿ ಎಂಜಿನ್ ಮತ್ತೆ ಕಾದು ಕೆಂಡವಾಗಿತ್ತು. ಸಂಜೆ ಇದೇ ಕಾರಿನಲ್ಲಿ ತಾಯಿಯನ್ನು ಕೂರಿಸಿಕೊಂಡು ಹೆಣ್ಣು ಕೇಳಲು ಹೋಗಬೇಕು. ಹೆಣ್ಣಿನ ತಂದೆ ಹಳೇ ಲಾರಿ ಡ್ರೈವರ್. ಕಾರು ನೋಡಿಕೊಳ್ಳಲು ಬಾರದವನು ಹೆಂಡತಿಯನ್ನೇನು ನೋಡಿಕೊಳ್ಳುತ್ತಾನೆ ಎಂದು ಒಬ್ಬ ಗಂಡನ್ನು ಆಗಲೇ ಬಾಗಿಲಿಂದ ವಾಪಸ್ ಕಳಿಸಿದ ಮಹಾನುಭಾವ.

ಪಕ್ಕದ ಮನೆಯ ಶಾದ್ಲಿ, ಕರೆಯದಿದ್ದರೂ, ಸ್ಪ್ಯಾನರ್ ಹಿಡಿದು ಬಂದ.

"ನೀರಿದೆಯೇನೋ?"

"ತುಂಬಿದೆ ಚಿಕ್ಕಪ್ಪ. ಫ್ಯಾನೂ ತಿರುಗ್ತಿದೆ. ಥರ್ಮೋಸ್ಟಾಟೂ ಹೊಸದು. ಆದ್ರೂ ಕಾಯತ್ತೆ."

"ಥರ್ಮೋಸ್ಟಾಟೂ ಇಲ್ಲ, ಮಣ್ಣೂ ಇಲ್ಲ," ಎನ್ನುತ್ತ ತಾಯಿ ಮಬ್ರೂಕಾ ಹೊರಗೆ ಬಂದಳು. "ಇದು ಕಣ್ಣು! ಕಾರು ಬಂದ ದಿನ ಇದೇ ಶಾದ್ಲಿ, ದೇವರ ಹೆಸರೂ ಹೇಳ್ದೆ 'ಆಹಾ, ಎಂಥಾ ಕಾರು' ಅಂದ. ಅವತ್ತೇ ನಾನು ಬಟ್ಟೆ ಮೀನು ಹೊಲಿದು ಕಟ್ಟಿದ್ದಕ್ಕೆ ಉಳೀತು. ಇಲ್ದಿದ್ರೆ ಇಷ್ಟೊತ್ತಿಗೆ ಬೂದಿ!"

ದೃಷ್ಟಿ ತಾಗದಿರಲೆಂದು ಬಾಗಿಲಿಗೋ ತೊಟ್ಟಿಲಿಗೋ ಬಟ್ಟೆ ಮೀನು ಕಟ್ಟದವರು ಆ ಬೀದಿಯಲ್ಲಿ ಯಾರಿದ್ದಾರೆ? ಶಾದ್ಲಿ ತಕರಾರು ತೆಗೆಯಲಿಲ್ಲ. "ಎಲ್ಲಿ ಕಟ್ಟಿದ್ರಿ ಅತ್ತಿಗೆ?" ಎಂದಷ್ಟೇ ಕೇಳಿದ.

"ಮುಂದಿನ ಜಾಲರಿ ಹಿಂದೆ. ಹೊರಗೆ ಕಟ್ಟಿದ್ರೆ ಕದೀತಾರಲ್ಲ!"

ಶಾದ್ಲಿ ಜಾಲರಿ ಬಿಚ್ಚಿದ. ರೇಡಿಯೇಟರಿಗೆ ಅಂಟಿಕೊಂಡು, ದಿಂಬಿನಷ್ಟು ದೊಡ್ಡ ನೀಲಿ ಮೀನೊಂದು ಹಾಯಾಗಿ ಮಲಗಿತ್ತು. ಗಾಳಿ ನುಸುಳಲು ಬೆರಳಗಲದ ಜಾಗವೂ ಇರಲಿಲ್ಲ.

"ಅಮ್ಮಾ! ನೀನು ಕಟ್ಟಿದ್ದು ಅಂಗೈಯಷ್ಟು ಮೀನಲ್ವಾ?"

"ಹೌದು. ಕಾರು ಕಾಯ್ತು ಅಂತ ನೀನಂದೆ, ನಾನು ದೊಡ್ಡದು ಹೊಲಿದೆ. ಇನ್ನೂ ಕಾಯ್ತು ಅಂದೆ, ಇನ್ನೂ ದೊಡ್ಡದು ಹೊಲಿದು ಕೆಳಗಿಂದ ತುರುಕಿದೆ. ನೀನು ಸುಮ್ನಿದ್ದಿದ್ರೆ ನಾನೂ ಸುಮ್ನಿರ್ತಿದ್ದೆ."

ಅವಳು ಕಂದಿಹೋದ ಮೀನನ್ನು ಕಿತ್ತು, ತಡವಿ ಮರುಗಿದಳು. "ಊರಿನ ಕಣ್ಣೆಲ್ಲ ತಾನೇ ಹೊತ್ಕೊಂಡು ಹೆಂಗೆ ಬೆಂದುಹೋಗಿದೆ ನೋಡು, ಪಾಪ!" ಎಸೆಯಲು ಬಿಡದೆ ತನ್ನ ಚೀಲಕ್ಕೆ ಹಾಕಿಕೊಂಡಳು.

ಸಂಜೆ ಕಾರು ಒಂದಿಷ್ಟೂ ಆವಿ ಬಿಡದೆ ಹೆಣ್ಣಿನ ಮನೆ ತಲುಪಿತು. ಹೆಣ್ಣಿನ ತಂದೆ ಸಲಾಮಿಗೂ ಮೊದಲು ಬಾನೆಟ್ ಮೇಲೆ ಅಂಗೈ ಊರಿ ನೋಡಿದ. ಮುಖ ಅರಳಿತು. ತೌಫೀಕನಿಗೆ ಹೋದ ಜೀವ ಬಂದಂತಾಯಿತು.

"ಹುಡುಗಿ ಇನ್ಮೇಲೆ ನಿಮ್ಮನೆಯವಳೇ," ಎಂದ ಆತ, ಬಾದಾಮಿ ಶರಬತ್ತು ಕೊಡುತ್ತ. "ಏನ್ ಕಾರಪ್ಪಾ ಅದು! ಇಂಥಾ ಎಂಜಿನ್ನು ನಾನು ನೋಡೇ ಇಲ್ಲ!"

ಅಷ್ಟು ಹೊಗಳಿದವನ ಬಾಯಲ್ಲಿ ದೇವರ ಹೆಸರು ಮಾತ್ರ ಬರಲಿಲ್ಲ. ಮಬ್ರೂಕಾ ಲೋಟ ಕೆಳಗಿಟ್ಟಳು. ಚೀಲದಿಂದ ಮೀನನ್ನು ತೆಗೆದು ಕಂಕುಳಲ್ಲಿ ಅವುಚಿಕೊಂಡು, ಮೆಲ್ಲಗೆ ಕಾರಿನ ಕಡೆ ನಡೆದಳು.