ಎರಡು ಸಲ ಬಡಿದರೆ ಇಲ್ಲ

ಟಕ್.

ಓಣಿಗೆ ನೀರು ಬಿಡಲು ನಡುರಾತ್ರಿ ಎದ್ದ ಸುಂಕಪ್ಪ ಚಪ್ಪಲಿ ಹುಡುಕುತ್ತಿದ್ದವನು ಹಾಗೇ ನಿಂತ. ಸದ್ದು ಮಗಳ ಕೋಣೆಯದು. ಕಿಟಕಿಗೆ ಯಾರೋ ಬೆರಳಿನಿಂದ ಬಡಿದಂತಿತ್ತು.

"ನಾಳೆನೂ ಮಾತಾಡೋಣೇನ್ರಿ?" ರೇಣುಕಾಳ ಪಿಸುದನಿ.

ಟಕ್.

ಬಾಗಿಲು ದೂಡಿದ. ಕಿಟಕಿ ಮುಚ್ಚಿಯೇ ಇತ್ತು. ಮಗಳ ಕೈಯಲ್ಲಿ ಫೋನಿತ್ತು, ಕರೆ ಮುಗಿದಿತ್ತು. ಹಿತ್ತಲಿನಿಂದ ಕಾಲು ತೊಳೆದು ಬಂದ ಶಿವಮ್ಮ, "ಏನಾತ್ರಿ?" ಎಂದಳು.

"ನಿನ್ನ ಮಗಳ್ನ ಕೇಳು."

ಮದುವೆ ಹತ್ತಿರ ಬಂದಿತ್ತು. ಗಂಡು ಹರಪನಹಳ್ಳಿಯ ಕ್ರಾಂತಿಕುಮಾರ್, ಸರ್ಕಾರಿ ನೌಕರ. ಕಾಲೇಜಿನಲ್ಲಿದ್ದಾಗ ರೇಣುಕಾಗೆ ರಕ್ತದ ಕ್ಯಾನ್ಸರ್ ಬಂದು ವಾಸಿಯಾದದ್ದು ಆ ಮನೆಗೆ ತಿಳಿಯದು. ಕೂದಲು ಉದುರಿದಾಗ ಸುಂಕಪ್ಪ ಕೊಟ್ಟೂರಿಗೆಲ್ಲ, ಮಗಳು ದೇವರಿಗೆ ಮುಡಿ ಕೊಟ್ಟಳು ಎಂದು ಸಾರಿದ್ದ. ವಾಸಿಯಾದ ಮೇಲೆ ಮನೆಯವರಿಗೆ ಇನ್ನೊಂದು ಮಾತು ಹೇಳಿದ್ದ: "ಇನ್ನ ಆ ಬ್ಯಾನಿ ಹೆಸರು ಈ ಮನ್ಯಾಗ ಎತ್ತಬಾರದು." ಯಾರೂ ಎತ್ತಿರಲಿಲ್ಲ. ನಿಶ್ಚಯವಾದಾಗಿನಿಂದ ರೇಣುಕಾ ಹೊಸಿಲು ದಾಟುವುದೂ ಅಪ್ಪನನ್ನು ಕೇಳಿಯೇ.

ಬೆಳಿಗ್ಗೆ ಫೋನ್ ಕಿತ್ತುಕೊಂಡ. "ಯಾವನವ?"

"ಅವನಲ್ಲಪ್ಪ. ಯಾರೋ ಹೆಣ್ಮಗಳು."

ವಾಸಿಯಾದವರದೊಂದು ಸಂಘವಿತ್ತು. ಹೊಸದಾಗಿ ಕಾಯಿಲೆ ಬಿದ್ದವರು ಅಲ್ಲಿಗೆ ಫೋನ್ ಮಾಡುತ್ತಿದ್ದರು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯವರಾದರೆ ಕರೆ ರೇಣುಕಾಗೆ ಬರುತ್ತಿತ್ತು. ಯಾರ ನಂಬರೆಂದು ಅವಳಿಗೂ ಕಾಣುತ್ತಿರಲಿಲ್ಲ.

"ನಾ ದವಾಖಾನ್ಯಾಗ ಬಿದ್ದಾಗ ಒಬ್ಬಾಕಿ ದಿನಾ ಹಿಂಗ ಮಾತಾಡ್ತಿದ್ಲು. ಬದುಕ್ತೀನಿ ಅನ್ನೋ ಧೈರ್ಯ ಬಂದಿದ್ದು ಆಕಿಯಿಂದ. ಈಗ ನನ್ನ ಪಾಳಿ, ಅಪ್ಪ."

"ಈಕಿ ಏನಂತಾಳ?"

"ಏನೂ ಅನ್ನಂಗಿಲ್ಲ. ದನಿ ತೆಗಿಯಾಕ ಹೆದರ್ತಾಳ. ನಾ ಕೇಳ್ತೀನಿ, ಹೌದಂದ್ರ ಫೋನಿಗೆ ಒಂದು ಸಲ ಬಡೀತಾಳ, ಇಲ್ಲಂದ್ರ ಎರಡು ಸಲ. ಎದಿಯಾಗ ಗಂಟೈತಿ. ಜಲ್ದಿ ತೋರಿಸದಿದ್ರ ಜೀವ ಉಳಿಯೋದು ಕಷ್ಟ."

"ಚಲೋ ಕಥಿ ಕಟ್ಟೀದಿ. ಸಂಜಿಗೆ ನನ್ನ ಮುಂದ ಮಾತಾಡು. ಗಂಡಸಾಗಿದ್ರ ಈ ಫೋನು ಬಾವಿಗೆ."

ಸೊಪ್ಪು ಸೋಸುತ್ತಿದ್ದ ಶಿವಮ್ಮ ತಲೆ ಎತ್ತಲಿಲ್ಲ.

ಸಂಜೆ ಎಂದಿನಂತೆ ಪಕ್ಕದ ಮನೆಯ ಹುಲುಗಮ್ಮಜ್ಜಿಗೆ ಊಟ ಕೊಡಲು ಶಿವಮ್ಮ ಹೋದಳು. ದೀಪ ಹಚ್ಚುವ ಹೊತ್ತಿಗೆ ಕರೆ ಬಂತು. ರೇಣುಕಾ ಸ್ಪೀಕರ್ ಹಾಕಿದಳು.

"ನಮ್ಮಪ್ಪ ಕೇಳಾಕತ್ಯಾನ್ರಿ. ನಡೀತೈತೇನ್ರಿ?"

ತುಸು ತಡೆದು, ಟಕ್. ಅದರ ಹಿಂದೆಯೇ ಬಳೆ ಸರಿದ ಸದ್ದು. ಹೆಂಗಸೇ. ಸುಂಕಪ್ಪ ಗೋಡೆಗೆ ಒರಗಿದ.

"ಆಸ್ಪತ್ರಿಗೆ ಹೋಗಿದ್ರೇನು?"

ಟಕ್ ಟಕ್.

"ಗಂಡಗ ಹೇಳೀರೇನು?"

ಟಕ್ ಟಕ್.

"ಅವನ ಹೆದರಿಕೇನ್ರಿ?"

ಬಹಳ ಹೊತ್ತಿನ ಮೇಲೆ, ಟಕ್.

ಸುಂಕಪ್ಪನಿಗೆ ತಡೆಯಲಾಗಲಿಲ್ಲ. ಫೋನ್ ತೆಗೆದುಕೊಂಡ. "ಇಲ್ಲಿ ಕೇಳು ತಂಗಿ. ಹೇಣ್ತಿ ಬಾಯಿ ಬಿಡಲಾರದಂಗ ಇಟ್ಕೊಂಡವ ಅವನ್ಯಾವ ಗಂಡಸು? ಅಂಥವನಿಗೆ ಹೇಳಲೂಬ್ಯಾಡ, ಕೇಳಲೂಬ್ಯಾಡ. ನಾ ನಿಮ್ಮಣ್ಣ ಅಂತ ತಿಳಕೊಂಡು ಹೋಗಿ ತೋರಿಸು. ನನ್ನ ಮಗಳ್ನ ಜೋಡಿ ಕಳಸ್ತೀನಿ."

ಕರೆ ಕಡಿಯಿತು ಎಂದುಕೊಂಡ.

ಟಕ್.

ರೇಣುಕಾ ಅವಸರದಿಂದ ಹೇಳಿದಳು: "ಸೋಮವಾರ ಮುಂಜಾನಿ ಕೊಟ್ಟೂರು ಬಸ್ ಸ್ಟ್ಯಾಂಡಿಗೆ ಬರ್ರಿ, ದಾವಣಗೆರೆ ಆಸ್ಪತ್ರಿಗೆ ಹೋಗೋಣ. ದಾವಣಗೆರೆ ಬಸ್ ನಿಲ್ಲೋ ಕಡೆ ಹಸಿರು ದುಪಟ್ಟಾ ಹಾಕ್ಕೊಂಡು ನಿಂತಿರ್ತೀನಿ. ಮಾತು ಬ್ಯಾಡ. ಕೈ ಹಿಡೀರಿ, ಸಾಕು."

ಟಕ್.

ರಾತ್ರಿ ರೊಟ್ಟಿ ಬಡಿಸುತ್ತ ಶಿವಮ್ಮ ಕೇಳಿದಳು: "ಯಾರಿಗೋ ಜೋರು ಮಾಡ್ತಿದ್ರಂತ?"

"ಯಾವಾಕಿನೋ, ಪಾಪ."

"ಪಾಪ ಅಂತೀರೇನು?"

"ಮತ್ತೇನನ್ಲಿ?"

ಅವಳು ಕೇಳದೆಯೇ ಇನ್ನೊಂದು ರೊಟ್ಟಿ ಹಾಕಿದಳು.

ಸೋಮವಾರ ಶಿವಮ್ಮ ಹಿರೇಹಡಗಲಿಯ ತಂಗಿಯನ್ನು ನೋಡಿ ಬರುತ್ತೇನೆಂದು ಬೇಗನೆ ಹೊರಟಳು. ಆಮೇಲೆ ರೇಣುಕಾ. ಸುಂಕಪ್ಪನಿಗೆ ಮನೆಯಲ್ಲಿ ನಿಲ್ಲಲಾಗಲಿಲ್ಲ. ದಾವಣಗೆರೆ ಬಸ್ಸು ಹೋಗುವುದೇ ಹರಪನಹಳ್ಳಿಯ ಮೇಲೆ. ಬೀಗರ ಕಡೆಯವರು ಯಾರಾದರೂ ಮಗಳನ್ನು ನೋಡಿ, ಆಸ್ಪತ್ರೆಗೇಕೆ ಎಂದು ಕೇಳಿದರೆ? ಬಸ್ ಸ್ಟ್ಯಾಂಡಿನಲ್ಲಿ ಮೌನೇಶನ ಚಹಾದಂಗಡಿಯ ಮರೆಯಲ್ಲಿ ನಿಂತು ಕಾದ.

ದಾವಣಗೆರೆ ಬಸ್ಸು ಬಂತು. ಹೆಂಗಸರು ಹತ್ತಿದರು. ಯಾರೂ ರೇಣುಕಾಳ ಕೈ ಹಿಡಿಯಲಿಲ್ಲ. ಅತ್ತ ಹಡಗಲಿ ಬಸ್ಸು ಬಂದು, ತುಂಬಿಕೊಂಡು, ಹೋಯಿತು. ಅದು ಹೋದ ಜಾಗದಲ್ಲಿ ಶಿವಮ್ಮ ಒಬ್ಬಳೇ ನಿಂತಿದ್ದಳು.

ಬಸ್ಸು ತಪ್ಪಿಸಿಕೊಂಡಳಲ್ಲ ಎಂದು ಸುಂಕಪ್ಪ ಕರೆಯಲು ಬಾಯಿ ತೆರೆದ. ಅಷ್ಟರಲ್ಲಿ ಅವಳು ಈ ಕಡೆ ನಡೆದು ಬಂದಳು.

"ನೀ ಇಲ್ಲಿಗ್ಯಾಕ ಬಂದಿ ಯವ್ವ? ಅವರು ಬರೋ ಹೊತ್ತಾತು, ಸರಿ ಆಕಡೆ," ಎನ್ನುತ್ತ ರೇಣುಕಾ ತಾಯಿಯ ಹೆಗಲಾಚೆ ರಸ್ತೆಯನ್ನೇ ನೋಡುತ್ತಿದ್ದಳು.

ಶಿವಮ್ಮ ಸರಿಯಲಿಲ್ಲ. ಮಾತಾಡಲಿಲ್ಲ. ಮಗಳ ಕೈ ಹಿಡಿದಳು.

ಇಬ್ಬರನ್ನೂ ಹತ್ತಿಸಿಕೊಂಡು ದಾವಣಗೆರೆ ಬಸ್ಸು ಹೊರಟಿತು. ಮೌನೇಶ ಲೋಟ ತೊಳೆಯುತ್ತ ಕೇಳಿದ: "ಅಕ್ಕಾರು ಎಲ್ಲಿಗೆ ಹೊಂಟ್ರು, ಸುಂಕಪ್ಪಣ್ಣ?"

"ಹಿರೇಹಡಗಲಿಗೆ," ಎಂದ ಸುಂಕಪ್ಪ. ಕಂಡದ್ದನ್ನು ಯಾರಿಗೂ ಹೇಳುವುದಿಲ್ಲವೆಂದು ಅವನು ಆಗಲೇ ತೀರ್ಮಾನಿಸಿದ್ದ, ಶಿವಮ್ಮನಿಗೂ.